ಮೇಲ್ಹಲಗೆಯ ಮೇಲೆ ಆಡಿದ ಮಾತು

ಜುಲೈ ೫, ೧೯೧೬, ಬುಧವಾರ

ವಾಸ್ತವಾಂಶಗಳು ಹೀಗಿವೆ.

೧. ನಮ್ಮ ಕಬ್ಬಿಣದ ಗಣಿಯಲ್ಲಿ ಮುಷ್ಕರ ಹೂಡಿ ಒಂದು ತಿಂಗಳು ಕಳೆದಿದೆ.

೨. ಪಂಪುಗಳು ನಿಂತರೆ ಗಣಿಯ ತಳಕ್ಕೆ ನೀರು ನುಗ್ಗುತ್ತದೆ. ಆಮೇಲೆ ಮುಷ್ಕರ ಗೆದ್ದರೂ ಹಿಂತಿರುಗಿ ಹೋಗಲು ಕೆಲಸವೇ ಉಳಿದಿರುವುದಿಲ್ಲ. ಕಾರ್ಮಿಕ ಭವನದ ಸಭೆಯಲ್ಲಿ ಇದನ್ನು ವಿವರಿಸಿದವನು ನಾನು.

೩. ಸಭೆ ಅದಕ್ಕೆ ಒಪ್ಪಿ, ಪಂಪಿನ ಆಳುಗಳಿಗೂ, ಅವರನ್ನು ಕೇಜಿನಲ್ಲಿ ಇಳಿಸಿ ಏರಿಸುವ ಉಗಿಯಂತ್ರದ ಚಾಲಕನಾದ ನನಗೂ ಕೆಲಸಕ್ಕೆ ಹೋಗಲು ಅನುಮತಿ ನೀಡಿದೆ. ಮುಷ್ಕರ ಮುರಿಯಲು ಬಂದ ಯಾರನ್ನೂ ಇಳಿಸಬಾರದೆಂಬುದು ಷರತ್ತು.

೪. ಯಂತ್ರದ ಮನೆಯಲ್ಲಿ ನಾನು ಕೂರುವಲ್ಲಿಂದ ಗಣಿಬಾವಿಯ ಬಾಯಿ ಕಾಣಿಸುವುದಿಲ್ಲ. ಬಾವಿಯ ಬಳಿಯಿಂದ ಗಂಟೆ ಬಾರಿಸುತ್ತಾರೆ. ಮೂರು ಬಾರಿ ಬಾರಿಸಿದರೆ ಕೇಜಿನಲ್ಲಿ ಮನುಷ್ಯರಿದ್ದಾರೆಂದು ಅರ್ಥ.

೫. ಇಂದು ಬೆಳಗ್ಗೆ ಪಂಪಿನ ಆಳುಗಳು ಇಳಿದಾದ ಮೇಲೂ ಗಂಟೆ ಮೂರು ಬಾರಿ ಬಾರಿಸಿತು. ಆಮೇಲೆ ಮತ್ತೆ ಬಾರಿಸಿತು. ಮತ್ತೆಯೂ.

೬. ಕೇಜ್ ಭಾರವಾಗಿತ್ತು.

೭. ಕೇಜನ್ನು ಇಳಿಸಲಾಯಿತು.

ಇವುಗಳಿಂದ ತೀರ್ಮಾನವೊಂದನ್ನು ತೆಗೆಯಲು ಸಾಕಷ್ಟು ಆಧಾರವಿಲ್ಲ.

ಜುಲೈ ೬, ಗುರುವಾರ

ಬೆಳಗ್ಗೆ ಗಣಿಯ ಹೆಬ್ಬಾಗಿಲಲ್ಲಿ ಕಾವಲಿಗಿದ್ದ ಮುಷ್ಕರದವರು ಎಂದಿನಂತೆ ದಾರಿ ಬಿಟ್ಟರು. ಮುಷ್ಕರ ಸಮಿತಿಯ ಯಾಲ್ಮರಿ ತುವೊಕ್ಕೊ, ಮೂವತ್ತು ದಾಟದ ಹುಡುಗುಬುದ್ಧಿಯವನು, ಟೋಪಿ ತೆಗೆದ.

"ನೀರು ಹುಷಾರು, ಯಜಮಾನ್ರೇ. ನಾವು ಗೆದ್ದು ವಾಪಸ್ ಬರೋ ಹೊತ್ತಿಗೆ ಕೆಳಗೆ ಮೀನು ಸಾಕಿರ್ಬೇಡಿ."

ಸುತ್ತಲಿದ್ದವರು ನಕ್ಕರು. ನಾನೂ ನಕ್ಕಿರಬೇಕು.

ಗಂಟೆಗಳು ನಿನ್ನೆಯಂತೆಯೇ ಬಂದವು. ಮಧ್ಯಾಹ್ನ ಕ್ಯಾಪ್ಟನ್ ಪೆಂಗೆಲ್ಲಿ ಯಂತ್ರದ ಮನೆಗೆ ಬಂದಾಗ ವಿಷಯವನ್ನು ಪ್ರಸ್ತಾಪಿಸಲಾಯಿತು. ಗಣಿಯ ಒಳಗಿನ ಕೆಲಸವೆಲ್ಲ ಆತನ ಕೈಯಲ್ಲಿದೆ. ಆತ ನನ್ನ ಎಣ್ಣೆಬಟ್ಟೆಯಿಂದ ಕುರ್ಚಿಯ ಕೈ ಒರೆಸಿ ಕುಳಿತ.

"ಪಂಪ್ ರಿಪೇರಿ ನಡೀತಿದೆ. ಜನ ಬೇಕಾಗುತ್ತೆ. ನೀವು ಗಂಟೆ ಕೇಳಿ, ಉಳಿದಿದ್ದು ನಾನು ನೋಡ್ಕೋತೀನಿ."

"ರಿಪೇರಿಗೆ ಇಷ್ಟು ಜನ?"

"ಎಷ್ಟು ಜನ? ನಿಮಗೆ ಇಲ್ಲಿಂದ ಕಾಣಿಸುತ್ತಾ?"

"ಇಲ್ಲ."

"ಮತ್ತೆ?" ಎಂದು ಆತ ನಕ್ಕ. ಎದ್ದು ಹೊರಡುವಾಗ ಯಂತ್ರದ ಹಿತ್ತಾಳೆಯ ಮೇಲೆ ಕೈಯಾಡಿಸಿದ. "ಕನ್ನಡಿ ಹಾಗಿಟ್ಟಿದೀರ. ಐವತ್ತು ದಾಟಿದೋರನ್ನ ಇಂಥ ಯಂತ್ರದ ಮುಂದೆ ಯಾವ ಗಣಿ ತಾನೆ ಹೊಸದಾಗಿ ಕೂರಿಸುತ್ತೆ ಹೇಳಿ."

ಅದು ಬೆದರಿಕೆಯಾಗಿರಲಿಲ್ಲ. ಅದೊಂದು ಅಂದಾಜು, ಮತ್ತು ಸರಿಯಾದ ಅಂದಾಜು.

ಜುಲೈ ೮, ಶನಿವಾರ

ನೆರೆಯ ಎಫ್ರಾಯಿಮ್ ಕುವೊಪ್ಪಾಲನ ಸೌನಾಕ್ಕೆ ಹೋಗಿದ್ದೆ. ಹಳ್ಳದ ಪಕ್ಕದಲ್ಲಿ ಅವನೇ ಮರದ ದಿಮ್ಮಿಗಳಿಂದ ಕಟ್ಟಿದ ಆ ಆವಿಸ್ನಾನದ ಕೋಣೆಯಲ್ಲಿ ಪ್ರತಿ ಶನಿವಾರ ಎರಡೂ ಮನೆಯವರು ಮೀಯುತ್ತೇವೆ. ಮೊದಲು ಗಂಡಸರು, ಆಮೇಲೆ ಹೆಂಗಸರು. ನಾನು ಈ ಊರಿಗೆ ಬಂದ ವರ್ಷದಿಂದ ಇದು ತಪ್ಪಿಲ್ಲ.

ಎಫ್ರಾಯಿಮ್ ಗಣಿಯ ಒಳಗೆ ಅದಿರು ಒಡೆಯುವವನು, ಮುಷ್ಕರ ಸಮಿತಿಯ ಸದಸ್ಯ. ಪಾದ್ರಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುವಂಥವನು. ಆದರೆ ಸೌನಾದೊಳಗೆ ಟೋಪಿ, ಬೂಟು, ಜಗಳ, ಸುಳ್ಳು ಇವು ನಾಲ್ಕನ್ನೂ ತರಬಾರದೆಂದು ಅವನ ಅಜ್ಜಿ ಹೇಳಿದ್ದನ್ನು ಇಂದಿಗೂ ಮೀರಿಲ್ಲ. ನಮ್ಮಲ್ಲಿ ಯಾರೂ ಮೀರಿಲ್ಲ. ದೇವರನ್ನು ಬಿಟ್ಟುಬಂದವರು ಕೂಡ ಇದೊಂದನ್ನು ಕಡಲಾಚೆಯ ತಾಯ್ನಾಡಿನಿಂದ ಜೊತೆಗೆ ತಂದೆವು.

ಅವನು ಕಾದ ಕಲ್ಲುಗಳ ಮೇಲೆ ನೀರು ಎರಚಿ, ಆವಿ ಹೆಚ್ಚು ತಾಕುವ ಮೇಲ್ಹಲಗೆಯ ಮೇಲೆ ನನ್ನ ಪಕ್ಕ ಬಂದು ಕುಳಿತ.

"ಇನ್ನೊಂದು ಸಲ ಎರಚ್ಲಾ? ಇಲ್ಲ, ಕುರ್ಚಿ ಮೇಲೆ ಕೂತು ಕೆಲ್ಸ ಮಾಡೋ ಮೈ ಕರಗ್ಹೋಗುತ್ತಾ?"

"ಎರಚು."

ಆವಿ ಕಿವಿಯನ್ನು ಕಚ್ಚಿತು. ಇಬ್ಬರೂ ತಲೆ ತಗ್ಗಿಸಿ ಕುಳಿತೆವು. ಅವನು ತಲೆ ಎತ್ತದೆಯೇ ಹೇಳಿದ.

"ಬಾವಿ ಮೇಲೆ ಕೇಜಿನ ಹಗ್ಗದ ಚಕ್ರ ಜಾಸ್ತಿ ತಿರುಗ್ತಿದೆ ಅಂತಾರೆ ನಮ್ಮ ಹುಡುಗ್ರು. ಹಿಂದ್ಗಡೆ ರೈಲಲ್ಲಿ ಜನ ತಂದು, ಬೇಲಿ ಒಳಗೇ ಇಟ್ಕೊಂಡಿದಾರೆ ಅಂತ ಮಾತು. ಯಾರ್ ಹೋಗ್ತಿದಾರೆ ನೆಸ್ತೋರಿ, ಕೆಳಗೆ?"

"ನಾನು ಕೂರೋ ಕಡೆಯಿಂದ ಬಾವಿ ಬಾಯಿ ಕಾಣಿಸೋದಿಲ್ಲ. ಗಂಟೆ ಬಾರಿಸ್ತಾರೆ. ಪಂಪ್ ರಿಪೇರಿ ಅಂತ ಕ್ಯಾಪ್ಟನ್ ಹೇಳಿದಾನೆ."

"ಅಷ್ಟೇನಾ?"

"ನನಗೆ ಹೇಳಿದ್ದು ಅಷ್ಟೇ."

"ಸರಿ ಹಾಗಾದ್ರೆ," ಎಂದ ಎಫ್ರಾಯಿಮ್. ಅವನ ಭುಜಗಳು ಸಡಿಲವಾದುದನ್ನು ಗಮನಿಸಿದೆ. ಬರ್ಚ್ ಸೊಪ್ಪಿನ ಕಟ್ಟನ್ನು ನೀರಲ್ಲಿ ಅದ್ದಿ ಎಂದಿನಂತೆ ನನ್ನ ಬೆನ್ನಿಗೆ ಬಡಿದ.

ಆಡಿದ ಪ್ರತಿಯೊಂದು ಪದವೂ ನಿಜ. ಮನೆಗೆ ಬಂದು ಮತ್ತೊಮ್ಮೆ ಪರಿಶೀಲಿಸಲಾಯಿತು. ಪ್ರತಿಯೊಂದು ಪದವೂ ನಿಜ.

ಜುಲೈ ೯, ಭಾನುವಾರ

ಸಭೆ ನಡೆಯಿತು. ಯಂತ್ರವನ್ನೂ ಪಂಪನ್ನೂ ಕೂಡಲೇ ಬಿಟ್ಟು ಬರಬೇಕೆಂದು ಯಾಲ್ಮರಿ ತುವೊಕ್ಕೊ ಸೂಚಿಸಿದ. "ಪಂಪಿಗೆ ಎಣ್ಣೆ ಹಾಕಕ್ಕೆ ಇಷ್ಟು ಓಡಾಟನಾ? ಕೆಳಗೇನು ಮದುವೆ ಇದೆಯಾ?" ಎಂದು ಕೇಳಿದ. ಹಿಂದಿನ ಬೆಂಚುಗಳಲ್ಲಿ ಹೌದು ಹೌದು ಎಂಬ ದನಿಗಳೆದ್ದವು.

ಎಫ್ರಾಯಿಮ್ ಎದ್ದು ನಿಂತ.

"ನಾನು ನೆಸ್ತೋರಿನ ನಿನ್ನೆ ಕೇಳ್ದೆ. ಮೇಲ್ಹಲಗೆ ಮೇಲೆ ಕೂತು ಕೇಳ್ದೆ. ತನಗೆ ಗೊತ್ತಿಲ್ಲ ಅಂದ. ನನಗೆ ಅಷ್ಟು ಸಾಕು. ತಪ್ಪಾಯ್ತು ಅಂದ್ರೆ ಸಮಿತಿಯಿಂದ ನನ್ ಹೆಸರು ಹೊಡೆದಾಕಿ."

ಬೇರೆ ಜನರ ಸಭೆಯಾಗಿದ್ದರೆ ಇದನ್ನು ಕೇಳಿ ನಗುತ್ತಿದ್ದರು. ನಮ್ಮ ಸಭೆಯಲ್ಲಿ ಯಾರೂ ನಗಲಿಲ್ಲ. ಯಾಲ್ಮರಿ ಕೂಡ ಕುಳಿತುಬಿಟ್ಟ. ಮತಕ್ಕೆ ಹಾಕಿದಾಗ ಅವನ ಸೂಚನೆ ಬಿದ್ದುಹೋಯಿತು.

ನಾನು 'ಗೊತ್ತಿಲ್ಲ' ಎಂದಿರಲಿಲ್ಲ, 'ಕಾಣಿಸುವುದಿಲ್ಲ' ಎಂದಿದ್ದೆ. ಈ ವ್ಯತ್ಯಾಸವನ್ನು ತಿದ್ದಲು ಎದ್ದು ನಿಲ್ಲಬಹುದಾಗಿತ್ತು. ಎದ್ದು ನಿಲ್ಲಲಿಲ್ಲ. ಬಾಗಿಲಲ್ಲಿ ಹಲವರು ಕೈಕುಲುಕಿದರು. ಅವರ ಅಂಗೈಗಳು ತಿಂಗಳ ಬಿಡುವಿನಲ್ಲಿ ಮೆತ್ತಗಾಗಿವೆ.

ಜುಲೈ ೧೨, ಬುಧವಾರ

ಕೇಜನ್ನು ಇಳಿಸುವ ವೇಗವನ್ನು ತಗ್ಗಿಸಲಾಗಿದೆ. ಕಾರಣ: ಹಗ್ಗಕ್ಕೆ ಹೊಸದಾಗಿ ಗ್ರೀಸ್ ಹಚ್ಚಿದೆ.

ಜುಲೈ ೧೩, ಗುರುವಾರ

ನಿನ್ನೆಯ ಟಿಪ್ಪಣಿ ಅಪೂರ್ಣ. ಹಗ್ಗಕ್ಕೆ ಗ್ರೀಸ್ ಹಚ್ಚಿದ್ದು ಮೇ ತಿಂಗಳಲ್ಲಿ.

ಜುಲೈ ೧೫, ಶನಿವಾರ

ಸಂಜೆ ಎಫ್ರಾಯಿಮನ ಹೆಂಡತಿ ಹಿಲ್ಯಾ ಬೇಲಿಯ ಬಳಿ ಬಂದು ಕರೆದಳು. "ಕಲ್ಲು ಕಾದಿದೆ ಯಜಮಾನ್ರೇ. ಅವ್ರು ಕಾಯ್ತಿದಾರೆ." ನೆಗಡಿಯಾಗಿದೆಯೆಂದು ಹೇಳಿದೆ.

"ನೆಗಡಿಗೆ ಸೌನಾ ಬಿಟ್ರೆ ಮದ್ದೆಲ್ಲಿದೆ?"

"ಜ್ವರವೂ ಇದೆ."

ಅವಳು ಹೋದಳು. ಸ್ವಲ್ಪ ಹೊತ್ತಿನಲ್ಲೇ ತಟ್ಟೆ ಮುಚ್ಚಿದ ಪಾತ್ರೆಯೊಂದಿಗೆ ಮರಳಿದಳು. ಎಫ್ರಾಯಿಮ್ ಬೆಳಗ್ಗೆ ಕೆರೆಯಲ್ಲಿ ಹಿಡಿದ ಮೀನು, ಆಲೂಗಡ್ಡೆ ಹಾಕಿದ ಹಾಲಿನ ಸಾರು. ಮುಷ್ಕರದಲ್ಲಿರುವ ಮನೆಯಿಂದ ಸಂಬಳ ಬರುತ್ತಿರುವ ಮನೆಗೆ ಸಾರು ಬಂದಿತು. ನನ್ನ ಹೆಂಡತಿ ರೀಕ್ಕ ಅದನ್ನು ಬಿಸಿ ಮಾಡಿ ಮುಂದಿಟ್ಟಳು. ಎದುರು ಕೂತು ನಾನು ತಿನ್ನುವುದನ್ನು ನೋಡಿದಳು.

"ಜ್ವರ ಎಲ್ಲಿದೆ?" ಎಂದಳು. ಹಣೆ ಮುಟ್ಟಿ ನೋಡಲಿಲ್ಲ.

ಜುಲೈ ೧೯, ಬುಧವಾರ

ಒಂದು ತಾಂತ್ರಿಕ ಟಿಪ್ಪಣಿ. ಸುರಂಗದ ಆಸರೆಗೆಂದು ಇಳಿಸುವ ಮರದ ದಿಮ್ಮಿಗಳ ಭಾರ ಹಗ್ಗದಲ್ಲಿ ಸತ್ತಂತೆ ಕೂರುತ್ತದೆ. ಮನುಷ್ಯರ ಭಾರ ಹಾಗಲ್ಲ, ಅದು ಕದಲುತ್ತದೆ. ನೆಲ ಕಾಲಡಿಯಿಂದ ಜಾರಿದ ಕೂಡಲೇ ಅವರು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಆ ಸಣ್ಣ ನಡುಕ ಹಗ್ಗದಿಂದ ಉರುಳೆಗೆ, ಉರುಳೆಯಿಂದ ಲಿವರಿಗೆ, ಲಿವರಿನಿಂದ ಅಂಗೈಗೆ ಬರುತ್ತದೆ. ನುರಿತ ಗಣಿಯಾಳುಗಳು ಹೀಗೆ ಹಿಡಿದುಕೊಳ್ಳುವುದಿಲ್ಲ. ಅವರು ಮೊಣಕಾಲು ಸಡಿಲಬಿಟ್ಟು ನಿಂತು ಹರಟೆ ಹೊಡೆಯುತ್ತಾರೆ.

ಇದನ್ನು ಕಡಲಾಚೆ ತಾಂಪೆರೆಯ ತಾಂತ್ರಿಕ ಶಾಲೆಯಲ್ಲಿ ನನಗೆ ಯಾರೂ ಕಲಿಸಲಿಲ್ಲ. ಕುರ್ಚಿಯೇ ಕಲಿಸಿತು.

ಜುಲೈ ೨೨, ಶನಿವಾರ

ಸೌನಾಕ್ಕೆ ಹೋಗಲಿಲ್ಲ. ಈ ಸಲ ಕಾರಣ ಹೇಳಲಿಲ್ಲ. ಹಿಲ್ಯಾ ಕೇಳಲೂ ಇಲ್ಲ.

ಜುಲೈ ೨೭, ಗುರುವಾರ

ರೀಕ್ಕ ಭವನದ ಮುಷ್ಕರದ ಅಡುಗೆಮನೆಯಲ್ಲಿ ದಿನವೂ ಕೆಲಸ ಮಾಡುತ್ತಾಳೆ. ಇಂದು ಸಂಜೆ ಬಂದವಳು ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಮೇಜಿನ ಮುಂದೆ ಕುಳಿತಳು.

"ಗಣಿ ಬೇಲಿ ಹಾರಿ ಒಬ್ಬ ಬಂದ ಇವತ್ತು. ಕ್ರೊಯೇಷಿಯದವ್ನು. ಕೈಯೆಲ್ಲ ಬೊಬ್ಬೆ. ದೊಡ್ಡ ಊರಲ್ಲಿ ಏಜೆಂಟು ಹಿಡ್ಕೊಂಡು ರೈಲಿಗೆ ಹತ್ತಿಸಿದ್ನಂತೆ. ಇಲ್ಲಿ ಮುಷ್ಕರ ಇದೆ ಅಂತ ಹೇಳ್ಲೇ ಇಲ್ವಂತೆ. ಈ ತಿಂಗಳು ಪೂರ್ತಿ ಕೆಳಗೆ ಅದಿರು ಒಡೆದಿದಾನೆ. ಅಂಥೋರು ಇನ್ನೂ ಬಹಳ ಜನ ಇದಾರಂತೆ."

"ಅವನಿಗೇನು ಮಾಡಿದಿರಿ?"

"ಊಟ ಹಾಕಿದ್ವಿ. ಇನ್ನೇನ್ ಮಾಡೋದು?" ಅವಳು ಕಾಫಿಯನ್ನು ತಟ್ಟೆಗೆ ಸುರಿದುಕೊಂಡು, ಕುಡಿಯದೆ ಹಾಗೇ ಇಟ್ಟಳು. "ಅವರ ಭಾಷೆ ಬಲ್ಲೋರು ಒಬ್ಬರು ಕೂತು ಎಲ್ಲ ಕೇಳಿದ್ರು. ಮೊದಲ್ನೇ ದಿನ ಕೇಜಲ್ಲಿ ಕಣ್ಮುಚ್ಕೊಂಡು ತಾಯಿನ ನೆನೆಸ್ಕೊಂಡ್ನಂತೆ. ಆದ್ರೆ ದಿನ ಹೋದ ಹಾಗೆ ತೊಟ್ಟಿಲು ಇಳಿಸಿದ ಹಾಗೆ ಇಳಿಸ್ತಿದ್ರಂತೆ. ಮೇಲೆ ಯಾರೋ ಒಳ್ಳೇ ಮನುಷ್ಯ ಕೂತಿದಾನೆ ಅಂದ."

ನಾನು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡೆ.

"ನಮ್ಮೋರನ್ನ ಯಾವತ್ತಾದ್ರೂ ಹಾಗೆ ಇಳಿಸಿದ್ಯಾ? ನೆಸ್ತೋರಿ ನಮ್ಮನ್ನ ಕಲ್ಲು ಬಿಸಾಕ್ದಂಗೆ ಬಿಸಾಕ್ತಾನೆ ಅಂತ ಎಫ್ರಾಯಿಮ್ ಯಾವಾಗ್ಲೂ ನಗಾಡ್ತಿದ್ದ."

"ಅವರಿಗೆ ಅಭ್ಯಾಸ ಇತ್ತು."

ಹೇಳಿದ ಮೇಲೆ ಆ ಮಾತಿನ ಅರ್ಥ ನನಗೇ ಕೇಳಿಸಿತು. ರೀಕ್ಕ ನನ್ನ ಕೈಗಳನ್ನು ನೋಡಿದಳು, ಮುಖವನ್ನಲ್ಲ.

"ಇವ್ರಿಗೆ ಅಭ್ಯಾಸ ಇಲ್ಲ ಅಂತ ನಿನಗೆ ಗೊತ್ತಿತ್ತು ಹಾಗಾದ್ರೆ," ಎಂದಳು.

"ಗೊತ್ತಿತ್ತು."

"ಯಾವಾಗಿಂದ?"

"ಮೊದಲ ದಿನದಿಂದ."

"ಎಫ್ರಾಯಿಮ್ ಕೇಳಿದಾಗ್ಲೂ?"

"ಆಗಲೂ."

ಅವಳು ಎದ್ದು ತಣ್ಣಗಾದ ಕಾಫಿಯನ್ನು ಹೊರಗೆ ಚೆಲ್ಲಿ ಬಂದಳು. "ದಿನಾ ಹಿಲ್ಯಾ ಪಕ್ಕ ಕೂತು ಆಲೂಗಡ್ಡೆ ಸುಲೀತೀನಿ ನಾನು," ಎಂದಳು. ಬಯ್ಯುವಳೆಂದು ಕಾದೆ. ಬಯ್ದಿದ್ದರೆ ಉತ್ತರ ಹೇಳಬಹುದಾಗಿತ್ತು.

ಜುಲೈ ೨೮, ಶುಕ್ರವಾರ

ಬೆಳಗ್ಗೆ ಗಂಟೆ ಬಾರಿಸಿತು. ನಾನು ಇಳಿಸಿದೆ.

ಸಂಜೆ ಸಮಿತಿ ಕರೆಸಿತು. ಎಫ್ರಾಯಿಮ್ ಆಗಲೇ ಅಲ್ಲಿದ್ದ. ಅವನಿಗೆ ಕುರ್ಚಿ ಇಟ್ಟಿದ್ದರು, ಕುಳಿತಿರಲಿಲ್ಲ.

"ಮೂರು ವಾರ ಸಂಗಾತಿ, ಮೂರು ವಾರ," ಎಂದು ಯಾಲ್ಮರಿ ಅವನಿಗೆ ಹೇಳುತ್ತಿದ್ದ. "ನಾವು ಹೊರಗೆ ಹಾಡು ಹೇಳ್ಕೊಂಡು ನಿಂತಿದ್ವಿ, ಅವ್ರು ಒಳಗೆ ಅದಿರು ಗುಡ್ಡೆ ಹಾಕ್ತಿದ್ರು. ಅವತ್ತೇ ಯಂತ್ರ ನಿಲ್ಲಿಸಿದ್ರೆ ಕಂಪನಿ ಇಷ್ಟೊತ್ತಿಗೆ ಮಾತಿಗೆ ಬರ್ತಿತ್ತು. ನಿಮ್ಮ ಮಾತು ನಂಬಿದ್ವಿ. ಬಟ್ಟೆ ಬಿಚ್ಚಿದ್ರೆ ಸತ್ಯ ತಾನಾಗೇ ಆಚೆ ಬರುತ್ತೆ ಅಂದ್ಕೊಂಡ್ರಾ?"

"ಹೌದು," ಎಂದ ಎಫ್ರಾಯಿಮ್.

ಯಾರೋ ಮೂಲೆಯಲ್ಲಿ, "ಬೆತ್ತಲೆ ಸಾಕ್ಷಿ," ಎಂದರು. ಈ ಸಲ ನಕ್ಕರು.

ಎಫ್ರಾಯಿಮ್ ನನ್ನತ್ತ ತಿರುಗಿದ. ಅವನು ಈಗ ಕೇಳುತ್ತಾನೆ ಎಂದುಕೊಂಡೆ. ಅವನು ಸಮಿತಿಯತ್ತಲೇ ಮತ್ತೆ ತಿರುಗಿ ಹೇಳಿದ: "ನನ್ ಹೆಸರು ಹೊಡೆದಾಕಿ, ನಾನೇ ಹೇಳಿದ್ದು ಅದು. ಆದ್ರೆ ಇವನ ಮೇಲೆ ಕೈ ತೋರಿಸ್ಬೇಡಿ. ಕ್ಯಾಪ್ಟನ್ ಇವನಿಗೂ ಮೋಸ ಮಾಡಿದಾನೆ. ಅಲ್ಲಿಂದ ಬಾವಿ ಬಾಯಿ ಕಾಣಿಸೋದಿಲ್ಲ."

ಅವನ ಹೆಸರನ್ನು ಹೊಡೆದುಹಾಕಿದರು. ಅವನು ಟೋಪಿ ಹಾಕಿಕೊಂಡು ಹೋದ.

ಆಮೇಲೆ ಯಾಲ್ಮರಿ ನನ್ನ ಬಳಿ ಬಂದು ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಅವನು ಸುಳ್ಳುಗಾರನಲ್ಲ, ಬಿರುಸಿನವನಷ್ಟೆ.

"ನಿಮ್ಮನ್ನ ಅನುಮಾನಿಸಿದ್ದು ನಮ್ಮ ತಪ್ಪು, ಸಂಗಾತಿ. ಭಾನುವಾರ ಸಭೇಲಿ ಯಂತ್ರ, ಪಂಪ್ ಎರಡೂ ಬಿಡೋ ತೀರ್ಮಾನ ಮಾಡ್ತೀವಿ. ನೀವು ವೇದಿಕೆ ಮೇಲೆ ಬರ್ಬೇಕು. ಕ್ಯಾಪ್ಟನ್ ಹೇಗೆ ಯಾಮಾರಿಸ್ದ ಅಂತ ನಿಮ್ಮ ಬಾಯಿಂದ್ಲೇ ಜನ ಕೇಳ್ಬೇಕು. ಅದಕ್ಕೆ ಬೆಲೆ ಇದೆ. ಅಲ್ಲೀವರೆಗೂ ಏನೂ ಗೊತ್ತಿಲ್ದೋರ ಹಾಗಿರಿ."

ಆ ಕೆಲಸದಲ್ಲಿ ನನಗೆ ಅಭ್ಯಾಸವಿದೆ.

ಜುಲೈ ೨೯, ಶನಿವಾರ

ಇವತ್ತೂ ಇಳಿಸಿದೆ. ಸಂಜೆ ಎಲ್ಲರನ್ನೂ ಮೇಲಕ್ಕೆ ತಂದೆ, ಬ್ರೇಕ್ ಬಿಗಿದೆ, ಹಿತ್ತಾಳೆಯನ್ನು ಒರೆಸದೆ ಮನೆಗೆ ಬಂದೆ.

ಹಿಲ್ಯಾ ಇಂದೂ ಬೇಲಿಯ ಬಳಿ ಬಂದು ಕರೆಯುವಳೆಂದು ಎಣಿಸಿರಲಿಲ್ಲ. ಬಂದಳು. "ಕಲ್ಲು ಕಾದಿದೆ," ಎಂದಷ್ಟೇ ಹೇಳಿದಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ಇಂದು ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಅವಳ ಬೆಂಚಿನಿಂದ ಎದ್ದು ಬೇರೆಡೆ ಕೂತರೆಂದು ರೀಕ್ಕ ಆಮೇಲೆ ಹೇಳಿದಳು.

ಹೋದೆ. ಎಫ್ರಾಯಿಮ್ ಕೆಳಹಲಗೆಯ ಮೇಲೆ ಕುಳಿತಿದ್ದ. ಮೇಲ್ಹಲಗೆಯಲ್ಲಿ ನನಗೆಂದು ನೀರು ಹಾಕಿ ತೊಳೆದಿದ್ದ.

"ಅಲ್ಯಾಕೆ ಕೂತೆ?" ಎಂದು ಕೇಳಿದೆ.

"ಮೇಲೆ ಸ್ವಲ್ಪ ಸೆಕೆ ಇವತ್ತು."

ಇಪ್ಪತ್ತು ವರ್ಷದಲ್ಲಿ ಸೌನಾದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದೇ ಇರಬೇಕು. ನನ್ನ ಪಕ್ಕ ಕೂರಲಾಗದೆ ಹೇಳಿದ್ದು, ನನಗೆ ನೋವಾಗದಿರಲೆಂದು ಹೇಳಿದ್ದು.

ನಾನು ಇಳಿದು ಅವನ ಪಕ್ಕ ಕುಳಿತೆ. ಕಲ್ಲುಗಳು ಸಿಡಿದವು. ಇಬ್ಬರೂ ನೀರು ಎರಚಲಿಲ್ಲ.

"ನೀನು ಏನೂ ಕೇಳೋದಿಲ್ವಾ ಎಫ್ರಾಯಿಮ್?"

"ಒಂದ್ಸಲ ಕೇಳ್ದೆ." ಅವನು ಮೊಣಕಾಲುಗಳ ಮೇಲೆ ಕೈಯೂರಿ ನೆಲ ನೋಡುತ್ತಿದ್ದ. "ಇನ್ನೊಂದ್ಸಲ ಕೇಳಿದ್ರೆ ಮೊದಲ್ನೇ ಉತ್ತರ ಸುಳ್ಳು ಅಂತ ನಾನೇ ಅಂದ ಹಾಗಾಗುತ್ತೆ. ಅದು ನನ್ ಕೈಲಾಗಲ್ಲ. ನನ್ ಹತ್ರ ಈಗ ಉಳಿದಿರೋದು ಅದೊಂದೇ."

ಆಮೇಲೆ, "ಆ ಕಡೆ ತಿರುಗು, ಬೆನ್ನು ಉಜ್ತೀನಿ," ಎಂದ.

ತಿರುಗಿದೆ. ಅವನು ಸೋಪು ಹಚ್ಚಿ, ಕುತ್ತಿಗೆಯಿಂದ ಸೊಂಟದವರೆಗೆ, ಎಂದಿನಂತೆ, ಒಂದು ಅಂಗುಲವನ್ನೂ ಬಿಡದೆ ಉಜ್ಜಿದ. ನೀರು ಸುರಿದ. ನಾನು ಅವನ ಬೆನ್ನು ಉಜ್ಜಿದೆ. ನನ್ನ ಅಂಗೈ ಒಂದೇ ಜಾಗದಲ್ಲಿ ನಿಂತುಬಿಟ್ಟಿದ್ದು ಅವನಿಗೆ ತಿಳಿದಿರಬೇಕು. ಅಂಗೈಯಿಂದ ಏನೆಲ್ಲ ತಿಳಿಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅಲ್ಲಿ ಹೇಳಬಹುದಾಗಿತ್ತು, ಹೇಳಲಿಲ್ಲ. ಅಲ್ಲಿ ಹೇಳಿದ್ದರೆ ಎಫ್ರಾಯಿಮ್ ಅದನ್ನು ನುಂಗಿಕೊಂಡು, ನನ್ನನ್ನು ಉಳಿಸಿ, ತಾನು ಬೆತ್ತಲೆ ಸಾಕ್ಷಿಯಾಗಿಯೇ ಈ ಊರಲ್ಲಿ ಬದುಕುತ್ತಿದ್ದ, ಆದ್ದರಿಂದಲೇ ಅಲ್ಲಿ ಹೇಳಲಿಲ್ಲ ಎಂದು ಬರೆಯುವ ಆಸೆಯಾಗುತ್ತಿದೆ. ಅದು ಕಾರಣವಲ್ಲ. ಹೆದರಿದೆ. ಕ್ಯಾಪ್ಟನ್ ಹೇಳುವ ಮೊದಲೇ ನಾನೂ ಮಾಡಿದ್ದ ಅಂದಾಜಿಗೆ ಹೆದರಿ ಮೊದಲ ದಿನ ಇಳಿಸಿದೆ, ಎಫ್ರಾಯಿಮನ ಮುಖಕ್ಕೆ ಹೆದರಿ ಇಂದು ಸುಮ್ಮನಿದ್ದೆ.

ಮನೆಗೆ ಬಂದು ರೀಕ್ಕಳಿಗೆ, ನಾಳೆ ಸಭೆಯಲ್ಲಿ ಮಾತಾಡುತ್ತೇನೆ ಎಂದೆ.

"ಯಾವ ಮಾತು? ಯಾಲ್ಮರಿ ಹೇಳಿಕೊಟ್ಟಿದ್ದಾ?"

"ಅಲ್ಲ."

"ಆಮೇಲೆ ಈ ಊರಲ್ಲಿ ನಮ್ಮ ಹತ್ರ ಯಾರೂ ಮಾತಾಡಲ್ಲ. ಕಂಪನೀನೂ ಇಲ್ಲ, ಇವರೂ ಇಲ್ಲ. ಅದೂ ಗೊತ್ತಿದೆ ತಾನೆ?"

"ಗೊತ್ತಿದೆ."

ಅವಳು ನಾಳೆಗೆಂದು ನನ್ನ ಬಿಳಿ ಅಂಗಿ ತೆಗೆದಿಟ್ಟಳು. "ನಾನೂ ಬರ್ತೀನಿ. ಆದ್ರೆ ನಿನ್ ಪಕ್ಕ ಕೂರಲ್ಲ," ಎಂದಳು. "ಹಿಲ್ಯಾ ಪಕ್ಕ ಕೂರ್ತೀನಿ."

ಅದು ಸರಿ.

ನಿರ್ಧಾರ ಹೀಗಿದೆ. ನಾಳೆ ನಾನು ವೇದಿಕೆ ಹತ್ತುವುದಿಲ್ಲ. ಎಫ್ರಾಯಿಮ್ ಕುವೊಪ್ಪಾಲ ಎಲ್ಲಿ ಕುಳಿತಿರುತ್ತಾನೋ ಅಲ್ಲಿಯೇ, ಅವನ ಪಕ್ಕದಲ್ಲಿ ನಿಂತು, ಕೇಜಿನಲ್ಲಿದ್ದವರು ಯಾರೆಂದು ನನಗೆ ಮೊದಲ ದಿನವೇ ಗೊತ್ತಿತ್ತು, ಅವನು ಕೇಳಿದಾಗ ಮುಚ್ಚಿಟ್ಟೆ, ಅವನ ಮಾತಿನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು ಎಂದು ಹೇಳುತ್ತೇನೆ. ಕ್ಯಾಪ್ಟನ್ನನ ಹೆಸರು ಎತ್ತುವುದಿಲ್ಲ. ಕ್ಷಮೆ ಕೇಳುವುದಿಲ್ಲ, ಏಕೆಂದರೆ ಕೇಳಿದರೆ ಎಫ್ರಾಯಿಮ್ ಕೊಟ್ಟುಬಿಡುತ್ತಾನೆ. ಸೋಮವಾರ ಯಂತ್ರದ ಮನೆಗೆ ಹೋಗುವುದಿಲ್ಲ.